ಸಂಜೆಯ ಹಸಿವೂ ಭಾನುವಾರದ ವಿಹಾರವೂ

ಮಕ್ಕಳು ಪಾಠಶಾಲೆಯಿಂದ ಮನೆಗೆ ಬರುವ ವೇಳೆಯೇ ಗೃಹಿಣಿಗೆ ದಿನದಲ್ಲೆಲ್ಲ ಕಠಿನವಾದ ವೇಳೆಯೆಂದರೆ ಅತಿಶಯೋಕ್ತಿಯಾಗಲಾರದು. ಬೆಳಗಿನ ಅಡಿಗೆಗೆ ಒಂದು ಕ್ರಮವುಂಟು. ರಾತ್ರಿಯ ಊಟಕ್ಕೂ ಒಂದು ಕ್ರಮವುಂಟು. ಇವೆರಡರ ನಡುವೆ, ಪುಸ್ತಕದ ಚೀಲವನ್ನು ಮೂಲೆಗೆಸೆದು “ತಿನ್ನಾಕೆ ಏನೈತೆ?” ಎಂದು ಕೇಳುವ ಹಸಿವಿಗೆ ಮಾತ್ರ ಯಾವ ಕ್ರಮವೂ ಇಲ್ಲ. ಆ ಹಸಿವಿನ ಯೋಗಕ್ಷೇಮವನ್ನು ಈಗ ಬೀದಿಯ ಅಂಗಡಿಗಳಲ್ಲಿ ಮಾಲೆಮಾಲೆಯಾಗಿ ತೂಗುವ ಬಣ್ಣದ ಪೊಟ್ಟಣಗಳು ವಹಿಸಿಕೊಂಡಿವೆ. ಎಲ್ಲ ಮನೆಗಳಂತೆ ನಮ್ಮ ಮನೆಯಲ್ಲಿಯೂ ಸಂಜೆಗೆ ಒಂದು ಪೊಟ್ಟಣ, ಅದರೊಡನೆ ದೊಡ್ಡವರ ಚಹದಲ್ಲಿ ಅರ್ಧ ಬಟ್ಟಲು ಎಂಬ ರೂಢಿಯು ನಡೆದುಬಂದಿತ್ತು.

ಕಳೆದ ವರ್ಷ ಮುಂಗಾರಿನ ದಿನಗಳಲ್ಲಿ ಈ ಸಂಗತಿಯು ಬರಿಯ ರುಚಿಯ ಸಂಗತಿಯಾಗಿ ಉಳಿಯಲಿಲ್ಲ. ಹತ್ತು ವರ್ಷದ ನಮ್ಮ ಮಗಳು ಮಹಡಿಯ ಮೆಟ್ಟಿಲುಗಳನ್ನು ಹತ್ತುವಾಗ ನಡುವೆ ನಿಲ್ಲತೊಡಗಿದಳು. ಆಟದಲ್ಲಿದ್ದ ಆಸಕ್ತಿಯು ತಗ್ಗಿತು. ಕಣ್ಣಿನ ಕೆಳರೆಪ್ಪೆಯ ಒಳಭಾಗವು ಬಿಳಿಚಿಕೊಂಡಿತು. ವೈದ್ಯರು ರಕ್ತವನ್ನು ಪರೀಕ್ಷಿಸಿ, ಹಿಮೊಗ್ಲೋಬಿನ್ ಡೆಸಿಲೀಟರಿಗೆ ೧೦.೨ ಗ್ರಾಂ ಮಾತ್ರವಿದೆಯೆಂದರು. ವಿಶ್ವ ಆರೋಗ್ಯ ಸಂಸ್ಥೆಯ ಗಣನೆಯಂತೆ ೫ರಿಂದ ೧೧ ವರ್ಷದ ಮಕ್ಕಳಲ್ಲಿ ಇದು ೧೧.೫ಕ್ಕೆ ಕಡಿಮೆಯಿದ್ದರೆ ರಕ್ತಹೀನತೆಯೆಂದೇ ತಿಳಿಯತಕ್ಕದ್ದು. ಇದು ಒಂದು ಮನೆಯ ಚಿಂತೆಯಲ್ಲವೆಂಬುದನ್ನೂ ಹೇಳಬೇಕು: ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಐದು ವರ್ಷದೊಳಗಿನ ಭಾರತೀಯ ಮಕ್ಕಳಲ್ಲಿ ನೂರಕ್ಕೆ ೬೭ ಮಂದಿ ರಕ್ತಹೀನರೆಂದು ಕಂಡುಬಂದಿತು. ವೈದ್ಯರು ಕಬ್ಬಿಣದ ಮಾತ್ರೆಗಳನ್ನೂ ಜಂತುಹುಳುವಿನ ಔಷಧವನ್ನೂ ಕೊಟ್ಟು, ಮೂರು ತಿಂಗಳ ಬಳಿಕ ಬರಹೇಳಿದರು. ಹೊರಡುವಾಗ ಅವರು ಕೇಳಿದ ಪ್ರಶ್ನೆಗಳು ಎರಡೇ: ಹುಡುಗಿ ಸಂಜೆ ಏನು ತಿನ್ನುತ್ತಾಳೆ? ಅದರ ಜತೆಗೆ ಏನು ಕುಡಿಯುತ್ತಾಳೆ? ಚಹದಲ್ಲಿರುವ ಒಗರು ಆಹಾರದೊಳಗಿನ ಕಬ್ಬಿಣವನ್ನು ಮೈಗೆ ಹತ್ತಗೊಡದೆಂಬುದನ್ನು ಅವರು ವಿವರಿಸಿ ಹೇಳಿದರು.

ಅಂದಿನಿಂದ ನಮ್ಮ ಮನೆಯಲ್ಲಿ ತಿಂಡಿಗಳ ಪರೀಕ್ಷೆಯು ಮೊದಲಾಯಿತು. ಪರೀಕ್ಷೆಗೆ ನಿಬಂಧನೆಗಳಿಲ್ಲದಿದ್ದರೆ ಅದು ಹರಟೆಯಾದೀತು. ನಾನು ಕಛೇರಿಯಿಂದ ಬರುವಾಗ ಐದೂವರೆ ಗಂಟೆಯಾಗುವುದು; ಮಕ್ಕಳು ನಾಲ್ಕಕ್ಕೆ ಬರುವರು; ಮನೆಯಲ್ಲಿರುವವರು ಎಪ್ಪತ್ತೆರಡು ವರ್ಷದ ನಮ್ಮ ಅತ್ತೆಯವರು. ಆದಕಾರಣ ತಿಂಡಿಯು ಅತ್ತೆಯವರ ಕೈಯಲ್ಲಿ ಕಾಲುಗಂಟೆಯೊಳಗೆ ಆಗತಕ್ಕದ್ದಾಗಿರಬೇಕು; ಪೊಟ್ಟಣಕ್ಕಿಂತ ಹೆಚ್ಚು ಹಣವನ್ನು ಬೇಡಬಾರದು; ಎಲ್ಲಕ್ಕಿಂತ ಮುಖ್ಯವಾಗಿ, ಮಗುವು ಅದನ್ನು ಎರಡನೆಯ ಸಾರಿ ತಾನಾಗಿ ಕೇಳಬೇಕು. ಒಂದು ಸಾರಿ ಮಕ್ಕಳು ಏನನ್ನು ಬೇಕಾದರೂ ತಿಂದಾರು. ಅದರಿಂದ ಏನೂ ಸಿದ್ಧವಾಗುವುದಿಲ್ಲ.

ದಾವಣಗೆರೆಯಲ್ಲಿರುವವರು ಇಂತಹ ತಿಂಡಿಯನ್ನು ಹುಡುಕಿಕೊಂಡು ದೂರ ಹೋಗಬೇಕಾದುದಿಲ್ಲ. ಮೈಸೂರಿನ ಕಡೆಯವರು ಪುರಿಯೆಂದೂ ಧಾರವಾಡದ ಕಡೆಯವರು ಚುರುಮುರಿಯೆಂದೂ ಕರೆಯುವ ಮಂಡಕ್ಕಿಯು ನಮ್ಮೂರಿನ ನಿತ್ಯವಸ್ತು. ಅದನ್ನು ಹುರಿಯುವ ಭಟ್ಟಿಗಳು ಇಲ್ಲಿ ಒಂದು ಬಡಾವಣೆಯನ್ನೇ ತುಂಬಿಕೊಂಡಿವೆ. ಒಂದು ಶನಿವಾರ ಮಧ್ಯಾಹ್ನ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋದೆವು. ನಮ್ಮ ವಿಹಾರಗಳಲ್ಲಿ ಇದೇ ಮೊದಲನೆಯದು. ಬತ್ತವನ್ನು ಬಿಸಿನೀರಿನಲ್ಲಿ ನೆನೆಹಾಕಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪುನೀರು ಹಿಡಿಸಿ, ಕಾದ ಮರಳಿನೊಳಕ್ಕೆ ಸುರಿಯುವರು. ಮರಳಿನ ಶಾಖವು ಕುದಿಯುವ ನೀರಿನ ಶಾಖಕ್ಕೆ ಎರಡರಷ್ಟನ್ನು ಮೀರಿರುವುದು. ಅಕ್ಕಿಯೊಳಗೆ ಉಳಿದಿದ್ದ ಅಲ್ಪ ತೇವವು ಆ ಶಾಖಕ್ಕೆ ಒಮ್ಮೆಲೇ ಆವಿಯಾಗಿ, ಹೊರಬರಲು ದಾರಿಯಿಲ್ಲದೆ ಕಾಳನ್ನೇ ಉಬ್ಬಿಸುವುದು. ಕಣ್ಣುಮುಚ್ಚಿ ತೆರೆಯುವುದರೊಳಗಾಗಿ ಕಪ್ಪು ಮರಳಿನ ಮೇಲೆ ಬಿಳಿಯ ರಾಶಿಯು ಎದ್ದುನಿಲ್ಲುವ ಈ ಸೋಜಿಗವನ್ನು ಕಂಡು ಮಗಳು ಅರ್ಧ ಗಂಟೆ ಕದಲಲಿಲ್ಲ. ಹೊಗೆಯಂತೂ ಕಣ್ಣಿಗೆ ಕಟು. ಅದರ ನಡುವೆ ದಿನವೆಲ್ಲ ನಿಂತು ದುಡಿಯುವವರ ಪಾಡನ್ನು ಕಂಡಮೇಲೆ ಮಂಡಕ್ಕಿಯನ್ನು ಚೆಲ್ಲಾಡುವುದು ನಮ್ಮ ಮನೆಯಲ್ಲಿ ನಿಂತುಹೋಯಿತು.

ಆದರೆ ಮಂಡಕ್ಕಿಯನ್ನು ಹೊಗಳುವುದಕ್ಕೂ ಒಂದು ಮಿತಿಯಿರತಕ್ಕದ್ದು. ಅದು ಅಕ್ಕಿಯೇ ಹೊರತು ಬೇರೆಯಲ್ಲ. ನೂರು ಗ್ರಾಂ ಮಂಡಕ್ಕಿಯಲ್ಲಿ ಮೈಯನ್ನು ಬೆಳೆಯಿಸುವ ಪ್ರೋಟೀನು ಏಳು ಗ್ರಾಮಿನಷ್ಟು. ಅಷ್ಟೇ ತೂಕದ ಪುಟಾಣಿಯಲ್ಲಿ ಸುಮಾರು ಇಪ್ಪತ್ತೆರಡು, ಶೇಂಗಾದಲ್ಲಿ ಇಪ್ಪತ್ತೈದು. ನಮ್ಮೂರಿನವರು ಮಂಡಕ್ಕಿಗೆ ಪುಟಾಣಿ ಹಿಟ್ಟನ್ನು ಹೊಯ್ದು ಕಲಸುವ ಕ್ರಮವು ಈ ಕಾರಣದಿಂದ ಬಹು ವಿವೇಕವಾದುದು. ನರ್ಗೀಸ್ ಎಂಬ ಬೆಡಗಿನ ಹೆಸರಿನಿಂದ ಬೀದಿಯಲ್ಲಿ ಮಾರುವುದೂ ಇದೇ ಜಾತಿಯದು. ಮಂಡಕ್ಕಿ ನಲವತ್ತು ಗ್ರಾಂ, ಪುಟಾಣಿ ಇಪ್ಪತ್ತು, ಹುರಿದ ಶೇಂಗಾ ಇಪ್ಪತ್ತು—ಇಷ್ಟನ್ನು ಸೇರಿಸಿದರೆ ಹನ್ನೆರಡು ಗ್ರಾಂ ಪ್ರೋಟೀನು ದೊರೆಯುವುದು. ಹತ್ತು ವರ್ಷದ ಹುಡುಗಿಗೆ ದಿನವೆಲ್ಲಕ್ಕೂ ಬೇಕಾದುದರಲ್ಲಿ ಇದು ಮೂರನೆಯ ಒಂದು ಪಾಲಿಗಿಂತ ಹೆಚ್ಚು. ಕಬ್ಬಿಣದ ಲೆಕ್ಕದಲ್ಲಿ ಮಾತ್ರ ಈ ಬಟ್ಟಲು ಅಷ್ಟು ಶ್ರೀಮಂತವಲ್ಲ. ಆ ವಯಸ್ಸಿನ ಹುಡುಗಿಗೆ ದಿನಕ್ಕೆ ೨೮ ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ವಿಧಿಸಿದೆ. ಇಲ್ಲಿ ಸಿಕ್ಕುವುದು ಕೆಲವೇ ಮಿಲಿಗ್ರಾಂ. ಹೀಗಿರುವುದರಿಂದ ಸಿಕ್ಕಿದಷ್ಟಾದರೂ ಮೈಗೆ ಹತ್ತುವಂತೆ ಮಾಡುವುದೇ ಜಾಣತನ. ಅದಕ್ಕೆ ನಿಂಬೆಯ ಹುಳಿಯು ಸಹಾಯಕ. ಕಾಳುಕಡಿಗಳ ಕಬ್ಬಿಣವು ಹುಳಿಹಣ್ಣುಗಳಲ್ಲಿರುವ ಜೀವಸತ್ತ್ವ ‘ಸಿ’ಯ ಸಂಗಡ ಹೊಟ್ಟೆಗೆ ಹೋದರೆ ಚೆನ್ನಾಗಿ ರಕ್ತಗತವಾಗುವುದು. ಆದುದರಿಂದ ನಮ್ಮ ಮನೆಯ ಬಟ್ಟಲಿಗೆ ಅರ್ಧ ನಿಂಬೆಹಣ್ಣು, ಹೆಚ್ಚಿದ ಈರುಳ್ಳಿ, ಕೊತ್ತಂಬರಿ, ಟೊಮ್ಯಾಟೊ ಬಿದ್ದುವು; ಚಹವು ಒಂದು ಗಂಟೆ ಹಿಂದಕ್ಕೆ ಸರಿದು, ಕಡೆಗೆ ಮಗಳ ಪಾಲಿಗೆ ಇಲ್ಲವೇ ಆಯಿತು. ಮಂಡಕ್ಕಿಗೆ ಮೊದಲೇ ಉಪ್ಪು ಹಿಡಿದಿರುವುದರಿಂದ ಮೇಲೆ ಹಾಕುವ ಅಗತ್ಯವಿಲ್ಲ.

ಮೂರು ವರ್ಷದ ಕಿರಿಯ ಮಗನಿಗೆ ಇದೇ ತಿಂಡಿಯನ್ನು ಕೊಡುವಾಗ ಶೇಂಗಾವನ್ನು ಕುಟ್ಟಿ ಪುಡಿಮಾಡಿ ಹಾಕುವೆವು. ಇಡೀ ಶೇಂಗಾ ಬೀಜವು ಚಿಕ್ಕ ಮಕ್ಕಳ ಶ್ವಾಸನಾಳದಲ್ಲಿ ಸಿಕ್ಕಿಕೊಂಡು ಪ್ರಾಣಾಪಾಯವಾಗುವುದುಂಟು. ನಾಲ್ಕು ವರ್ಷ ತುಂಬುವವರೆಗೆ ಅದನ್ನು ಇಡಿಯಾಗಿ ಕೊಡತಕ್ಕದ್ದಲ್ಲ.

ಖರ್ಚಿನ ಮಾತನ್ನು ನಮ್ಮ ಯಜಮಾನರು ನೋಡಿಕೊಂಡರು. ಅವರು ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ಪೊಟ್ಟಣದ ಬೆಲೆಯನ್ನು ಬಿಟ್ಟು ತೂಕವನ್ನು ಓದತೊಡಗಿದರು. ಹತ್ತು ರೂಪಾಯಿಯ ಆಲೂಗಡ್ಡೆ ಚಿಪ್ಸಿನ ಪೊಟ್ಟಣಗಳಲ್ಲಿ ಮೂವತ್ತು ಗ್ರಾಮನ್ನು ಮೀರಿದುದೊಂದೂ ನಮ್ಮ ಬೀದಿಯ ಅಂಗಡಿಯಲ್ಲಿ ದೊರೆಯಲಿಲ್ಲ. ಅಂದರೆ ಕಿಲೋಗ್ರಾಮಿಗೆ ಮುನ್ನೂರು ರೂಪಾಯಿಗೆ ಮೇಲೆಯೇ ಆಯಿತಲ್ಲ! ಆಲೂಗಡ್ಡೆಯ ರೈತನಿಗೆ ಈ ಸುದ್ದಿ ತಿಳಿದರೆ ಏನೆಂದಾನು ಎಂದು ಯಜಮಾನರು ನಕ್ಕರು. ಮಗಳೂ ಆ ಬಳಿಕ ಅಂಗಡಿಗಳಲ್ಲಿ ತೂಕವನ್ನು ಓದುವುದನ್ನು ಒಂದು ಆಟವನ್ನಾಗಿ ಮಾಡಿಕೊಂಡಳು. ಉಪದೇಶಕ್ಕಿಂತ ಈ ಆಟವು ಹೆಚ್ಚು ಕೆಲಸ ಮಾಡಿತೆಂದು ನನ್ನ ಅಭಿಪ್ರಾಯ.

ಮಂಡಕ್ಕಿಯೆಂದಮೇಲೆ ಮೆಣಸಿನಕಾಯಿಯನ್ನು ಬಿಡಲಾದೀತೇ? ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಮೆಣಸಿನಕಾಯಿಯಿಲ್ಲದ ಮಂಡಕ್ಕಿಯನ್ನು ದಾವಣಗೆರೆಯವರು ಅರ್ಧ ತಿಂಡಿಯೆಂದೇ ಎಣಿಸುವರು. ಎಣ್ಣೆಯನ್ನು ಉಳಿಸುವೆನೆಂದು ಹೇಳಿಕೊಂಡು ಬಂದಿರುವ ಏರ್ ಫ್ರೈಯರ್ ಎಂಬ ಯಂತ್ರವನ್ನು ನೆರೆಮನೆಯವರಿಂದ ಎರಡು ವಾರಗಳ ಮಟ್ಟಿಗೆ ತಂದು ಪರೀಕ್ಷಿಸಿದೆವು. ಇದು ಸಣ್ಣದೊಂದು ಬಿಸಿಗಾಳಿಯ ಒಲೆ. ಒಳಗಿನ ಬೀಸಣಿಗೆಯು ಕಾದ ಗಾಳಿಯನ್ನು ರಭಸದಿಂದ ಸುತ್ತಿಸುವುದು. ನೀರಾದ ಹಿಟ್ಟಿಗೆ ಈ ಯಂತ್ರವು ಒಗ್ಗುವುದಿಲ್ಲ. ನೂರೆಂಬತ್ತು ಡಿಗ್ರಿಯ ಎಣ್ಣೆಯಲ್ಲಿ ಹಿಟ್ಟು ಬಿದ್ದೊಡನೆ ಸುತ್ತಲೂ ಗಟ್ಟಿಯಾಗಿ ಕವಚವಾಗುವುದು. ಗಾಳಿಯು ಅಷ್ಟೇ ಬಿಸಿಯಾಗಿದ್ದರೂ ಶಾಖವನ್ನು ಅಷ್ಟು ಬೇಗ ಮುಟ್ಟಿಸಲಾರದು. ಅಷ್ಟರಲ್ಲಿ ಹಿಟ್ಟು ಜಾರಿ ಕೆಳಗಿಳಿದು ಮೆಣಸಿನಕಾಯಿಯು ಬತ್ತಲೆಯಾಗುವುದು. ಮಂಡಕ್ಕಿಯನ್ನು ಗರಿಗರಿ ಮಾಡಲೂ ಇದು ತಕ್ಕದ್ದಲ್ಲ; ಹಗುರವಾದ ಕಾಳುಗಳು ಗಾಳಿಗೆ ಮೇಲೆದ್ದು ಕಾದ ತಂತಿಯ ಕಡೆಗೆ ಹಾರುವುವು. ಶೇಂಗಾವನ್ನೂ ನೆನೆದ ಕಡಲೆಯನ್ನೂ ಹುರಿಯುವುದಕ್ಕೆ ಮಾತ್ರ ಇದು ನಿಜವಾಗಿಯೂ ಉತ್ತಮ. ಅತ್ತೆಯವರು ಒಲೆಯ ಮುಂದೆ ನಿಲ್ಲಬೇಕಾಗಿಲ್ಲ, ಸಮಯವಾದೊಡನೆ ತಾನೇ ಆರುವುದು. ಸಾವಿರದ ಐನೂರು ವಾಟಿನ ಯಂತ್ರವು ಇಪ್ಪತ್ತು ನಿಮಿಷ ಉರಿದರೆ ಅರ್ಧ ಯೂನಿಟ್ ವಿದ್ಯುತ್ತು ಬೇಕಾಗುವುದು. ಅದೇ ಶೇಂಗಾವನ್ನು ಬಾಣಲೆಯಲ್ಲಿ ಹುರಿಯಲು ಹತ್ತು ನಿಮಿಷ. ಯಂತ್ರವನ್ನು ಒರಸಿ, ಒಂದು ಬಟ್ಟಲು ಹುರಿದ ಶೇಂಗಾದೊಡನೆ ನೆರೆಮನೆಗೆ ಹಿಂದಿರುಗಿಸಿದೆವು. ಮೆಣಸಿನಕಾಯಿಯು ತಿಂಗಳಿಗೆ ಎರಡು ಸಾರಿ, ಎಣ್ಣೆಯಲ್ಲಿಯೇ, ಎಲ್ಲರೂ ಮನೆಯಲ್ಲಿರುವಾಗ ಎಂದು ತೀರ್ಮಾನವಾಯಿತು.

ಇನ್ನು ಬೆಣ್ಣೆದೋಸೆ. ನಮ್ಮೂರಿನ ಹೆಸರನ್ನು ಬೆಂಗಳೂರಿನ ಬೀದಿಬೀದಿಗಳ ಹಲಗೆಗಳ ಮೇಲೆ ಬರೆಯಿಸಿರುವ ಈ ತಿಂಡಿಯನ್ನು ಕುರಿತು ಊರಿನಲ್ಲಿ ಪ್ರಚಲಿತವಾಗಿರುವ ವೃತ್ತಾಂತವು ಹೀಗಿದೆ: ೧೯೨೮ರ ಸುಮಾರಿಗೆ ಬೆಳಗಾವಿಯ ಸೀಮೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮನವರೆಂಬ ತಾಯಿಯು ನಾಟಕಶಾಲೆಯ ಬಳಿಯಲ್ಲಿ ದೋಸೆ ಹುಯ್ದು ಮಾರತೊಡಗಿದರು, ಆಗ ಅದು ರಾಗಿಯ ದೋಸೆ. ಹತ್ತು ವರ್ಷಗಳ ಬಳಿಕ ರಾಗಿಯು ಹೋಗಿ ಅಕ್ಕಿ, ಉದ್ದು, ಮಂಡಕ್ಕಿಗಳ ಹಿಟ್ಟು ಬಂದಿತು. ಈ ಕಥೆಯನ್ನು ಎಷ್ಟೋ ಸಾರಿ ಕೇಳಿದ್ದೆವು. ರಕ್ತಪರೀಕ್ಷೆಯ ಬಳಿಕ ಕೇಳಿದಾಗ ಮಾತ್ರ “ರಾಗಿ” ಎಂಬ ಪದವು ಕಿವಿಯಲ್ಲಿ ನಿಂತಿತು. ರಾಗಿಯಲ್ಲಿ ಅಕ್ಕಿಗಿಂತ ಕಬ್ಬಿಣವು ಹೆಚ್ಚು. ತೂಕಕ್ಕೆ ತೂಕ ನೋಡಿದರೆ ಸುಣ್ಣಾಂಶವು ಹಾಲಿನಲ್ಲಿರುವುದರ ಎರಡರಷ್ಟಕ್ಕಿಂತಲೂ ಹೆಚ್ಚು. ಹಿಟ್ಟು ಹುಳಿಯುವಾಗ, ಕಾಳುಗಳಲ್ಲಿ ಕಬ್ಬಿಣವನ್ನು ಹಿಡಿದಿಟ್ಟುಕೊಂಡಿರುವ ಫೈಟೇಟ್ ಎಂಬ ದ್ರವ್ಯವೂ ಕೊಂಚ ಕರಗುವುದು. ಹೀಗಿರುವಾಗ ಆ ತಾಯಿಯ ಮೊದಲಿನ ದೋಸೆಯನ್ನೇ ಮತ್ತೆ ಏಕೆ ಮಾಡಿನೋಡಬಾರದು?

ಹೋಟೆಲಿನ ದೋಸೆಗೆ ಸಮೀಪವಾಗಿ ನಮ್ಮ ಮನೆಯಲ್ಲಿ ನಿಂತ ಪ್ರಮಾಣವನ್ನು ಮೊದಲು ಹೇಳುವೆನು. ದೋಸೆ ಅಕ್ಕಿ ನಾಲ್ಕು ಪಾವು, ಉದ್ದಿನಬೇಳೆ ಒಂದು ಪಾವು, ಮಂಡಕ್ಕಿ ಎರಡು ಪಾವು, ಮೆಂತ್ಯ ಎರಡು ಚಮಚ. ಅಕ್ಕಿ, ಉದ್ದು, ಮೆಂತ್ಯಗಳನ್ನು ಐದು ಗಂಟೆ ನೆನೆಯಿಸಬೇಕು. ಮಂಡಕ್ಕಿಯನ್ನು ರುಬ್ಬುವ ಹತ್ತು ನಿಮಿಷ ಮುಂಚೆ ನೀರಿಗೆ ಹಾಕಿ ಹಿಂಡಿ ಸೇರಿಸಬೇಕು. ಮಂಡಕ್ಕಿಯು ಒಮ್ಮೆ ಬೆಂದ ಪದಾರ್ಥವಾದುದರಿಂದ ನೀರನ್ನು ಚೆನ್ನಾಗಿ ಹೀರಿ ದೋಸೆಯ ಒಡಲನ್ನು ಮೆತ್ತಗಿಡುವುದು. ಅಂಚು ಮಾತ್ರ ಗರಿಯಾಗುವುದು. ರಾತ್ರಿಯೆಲ್ಲ ಹುದುಗಿದ ಹಿಟ್ಟನ್ನು ದಪ್ಪನಾಗಿ, ಅಂಗೈಯಗಲಕ್ಕೆ ಕೊಂಚ ಮೀರಿ ಹುಯ್ದು, ಹಿಟ್ಟಿನ ಹಸಿ ಆರಿದ ಮೇಲೆಯೇ ಬೆಣ್ಣೆಯನ್ನು ಹಾಕತಕ್ಕದ್ದು. ಕಾದ ಹಂಚಿನ ಮೇಲೆ ಮೊದಲೇ ಬೆಣ್ಣೆ ಹಾಕಿದರೆ ಅದರೊಳಗಿನ ಹಾಲಿನಂಶವು ಕರಿಕಾಗಿ ಕಹಿಯಾಗುವುದು. ಸಂಗಡ ಅರಿಸಿನವಿಲ್ಲದ ಬಿಳಿಯ ಆಲೂಗಡ್ಡೆ ಪಲ್ಯ, ನೀರಾಗಿ ಹರಿಯುವ ಕಾಯಿಚಟ್ನಿ. ಇವೆರಡೂ ಇಲ್ಲದಿದ್ದರೆ ದಾವಣಗೆರೆಯವರು ಅದನ್ನು ಬೆಣ್ಣೆದೋಸೆಯೆಂದು ಒಪ್ಪಿಕೊಳ್ಳಲಾರರು.

ಅಕ್ಕಿಯನ್ನೆಲ್ಲ ತೆಗೆದು ರಾಗಿಯನ್ನೇ ಹಾಕಿದ ದೋಸೆಗೆ ಮಗಳು ಕೊಟ್ಟ ತೀರ್ಪು ನಿಷ್ಠುರವಾಗಿತ್ತು: “ಅವ್ವಾ, ಇದು ಮುದ್ದೇನ ಚಪ್ಪಟೆ ಮಾಡಿದಂಗೈತೆ.” ನಾಲ್ಕು ಪಾವು ಅಕ್ಕಿಯಲ್ಲಿ ಒಂದು ಪಾವನ್ನು ಕಳೆದು ಅದರ ಬದಲು ರಾಗಿಹಿಟ್ಟನ್ನು ಬೆರೆಸಿದಾಗ ಬಣ್ಣವು ಕೆಂಪಾಯಿತು, ದೋಸೆಯು ದೋಸೆಯಾಗಿಯೇ ಉಳಿಯಿತು, ಎರಡನೆಯದನ್ನು ಕೇಳಿದಳು. ಅದೇ ಪ್ರಮಾಣವು ಈಗಲೂ ನಡೆದಿದೆ. ಬೆಣ್ಣೆಯಂತೂ ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ.

ದೋಸೆಯ ಸಂಬಂಧದಿಂದ ಯಂತ್ರಗಳ ವಿಚಾರವು ಮತ್ತೆ ಬಂದಿತು. ಮಿಕ್ಸರಿನ ಅಲಗುಗಳು ಅತಿವೇಗದಿಂದ ಸುತ್ತುವುದರಿಂದ ಹಿಟ್ಟು ಬಿಸಿಯಾಗುವುದು, ಉದ್ದು ಸಾಕಷ್ಟು ಉಬ್ಬುವುದಿಲ್ಲ. ತಣ್ಣೀರು ಹಾಕಿ, ನಿಲ್ಲಿಸಿ ನಿಲ್ಲಿಸಿ ರುಬ್ಬಬೇಕು. ಮೇಜಿನ ಮೇಲಿಡುವ ಕಲ್ಲಿನ ಗ್ರೈಂಡರಿನಲ್ಲಿ ಅದೇ ಉದ್ದು ಒಂದೂವರೆಯಷ್ಟಾಗಿ ಮೇಲೇಳುವುದನ್ನು ಕಣ್ಣಾರೆ ಕಾಣಬಹುದು. ವಿದ್ಯುತ್ತಿನ ಲೆಕ್ಕದಲ್ಲಿಯೂ ಅದು ಮಿತವ್ಯಯಿ: ನೂರೈವತ್ತು ವಾಟಿನ ಯಂತ್ರವು ನಲವತ್ತು ನಿಮಿಷ ತಿರುಗಿದರೂ ಯೂನಿಟ್ಟಿನ ಹತ್ತನೆಯ ಒಂದು ಪಾಲು ಮಾತ್ರ. ಅದರ ದೋಷವೆಂದರೆ ಕಲ್ಲಿನ ಭಾರ. ಅತ್ತೆಯವರಿಂದ ಎತ್ತಿ ತೊಳೆಯಲಾಗದು. ಆದುದರಿಂದ ರುಬ್ಬುವ ಕೆಲಸವು ಶನಿವಾರ ಸಂಜೆ ಯಜಮಾನರ ಪಾಲಿಗೆ ಹೋಯಿತು. ವಾಚಕ ಸೋದರಿಯರು ಇದನ್ನು ಯಂತ್ರದ ದೋಷವೆಂದು ಎಣಿಸುವರೋ ಗುಣವೆಂದು ಎಣಿಸುವರೋ ಅವರಿಗೇ ಬಿಟ್ಟದ್ದು.

ಹಂಚಿನ ವಿಷಯದಲ್ಲಿ ನಮ್ಮಲ್ಲಿ ನಿಜವಾದ ಭಿನ್ನಾಭಿಪ್ರಾಯವೇ ಉಂಟಾಯಿತು. ಅಂಟದ ಲೇಪವಿರುವ ಹೊಸ ತವೆಯು ಹಗುರ, ಎಣ್ಣೆ ಬೇಡದು, ತೊಳೆಯುವುದು ಸುಲಭ. ಕಬ್ಬಿಣದ ಹಂಚು ಭಾರ, ಪ್ರತಿದಿನವೂ ಒರಸಿ ಎಣ್ಣೆ ಸವರಿಡದಿದ್ದರೆ ತುಕ್ಕು ಹಿಡಿಯುವುದು. ಆದರೆ ಹುಳಿಯಿರುವ ಪದಾರ್ಥವನ್ನು ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದರೆ ಕೊಂಚ ಕಬ್ಬಿಣವು ಆಹಾರಕ್ಕೆ ಇಳಿಯುವುದೆಂಬುದು ಪರೀಕ್ಷೆಗಳಿಂದ ತಿಳಿದ ಮಾತು. ದೋಸೆಯು ಹಂಚಿನ ಮೇಲೆ ಎರಡು ಮೂರು ನಿಮಿಷ ಮಾತ್ರ ಇರುವುದರಿಂದ ಹೆಚ್ಚಿನ ಲಾಭವನ್ನು ನಿರೀಕ್ಷಿಸಲಾಗದು. ಟೊಮ್ಯಾಟೊ ಗೊಜ್ಜು, ಹುಳಿಸೊಪ್ಪುಗಳನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಆ ಲಾಭವು ಹೆಚ್ಚು. ನಾನು ಈ ವಾದವನ್ನು ಮುಂದಿಟ್ಟುಕೊಂಡು ಅತ್ತೆಯವರನ್ನು ಒಡಂಬಡಿಸಲು ಸಿದ್ಧಳಾಗಿದ್ದೆನು. ಅವರು ಎರಡರ ಮೇಲೂ ಒಂದೊಂದು ದೋಸೆ ಹುಯ್ದು, ಎರಡನ್ನೂ ಮಗುಚಿ ತೋರಿಸಿ, “ತವೆ ಹಗುರಾಗೈತಮ್ಮ, ಇಲ್ಲ ಅನ್ನಲ್ಲ. ಆದ್ರೆ ದೋಸೆ ಹೆಂಗೆ ಬಿಳಿಚಿಕೊಂಡೈತೆ ನೋಡು, ನಮ್ಮ ಹುಡುಗಿ ಇದ್ದಂಗೆ” ಎಂದರು. ಆ ಮಾತಿಗೆ ಮೇಲೆ ವಾದವೇ ಬೇಕಾಗಲಿಲ್ಲ. ತವೆಯು ಚಪಾತಿಗೆ ಮೀಸಲಾಯಿತು.

ಮನೆಯಲ್ಲಿ ಇಷ್ಟು ಕ್ರಮಪಡಿಸಿದರೂ, ಭಾನುವಾರ ಹೊರಗೆ ಹೋದಾಗ ಪೊಟ್ಟಣಗಳೂ ಬಣ್ಣದ ಪಾನೀಯಗಳೂ ಮತ್ತೆ ಕೈಗೆ ಬರುವುದು ಸಹಜ. ಆದಕಾರಣ ವಿಹಾರಗಳನ್ನೂ ಪರೀಕ್ಷೆಗೆ ಒಳಪಡಿಸಿದೆವು. ಅತ್ತೆಯವರ ಮೊಣಕಾಲು ನೋಯಬಾರದು. ಮಗಳಿಗೆ ಆಯಾಸವಾದಾಗ ಕುಳಿತುಕೊಳ್ಳಲು ನೆರಳಿರಬೇಕು. ಕಟ್ಟಿಕೊಂಡು ಹೋದ ತಿಂಡಿಯು ಸಾಕಾಗಬೇಕು.

ಊರಿಗೆ ಹೊಂದಿದ ಕುಂದವಾಡ ಕೆರೆಯೂ ಅದರ ಸಮೀಪದ ಗಾಜಿನ ಮನೆಯೂ ಸಂಜೆಯ ಒಂದು ಗಂಟೆಗೆ ಬಹಳ ಚೆನ್ನು. ಮಗಳ ಬಲವನ್ನು ಅಳೆಯುವುದಕ್ಕೂ ನಮಗೆ ಈ ಕೆರೆಯ ಏರಿಯೇ ಸಾಧನವಾಯಿತು: ಜುಲೈಯಲ್ಲಿ ಎಲ್ಲಿ ಕುಳಿತಳು, ಆಗಸ್ಟಿನಲ್ಲಿ ಎಲ್ಲಿ ಕುಳಿತಳು ಎಂಬುದನ್ನು ಯಜಮಾನರು ಗುರುತಿಟ್ಟುಕೊಂಡರು. ಹರಿಹರ ತಾಲ್ಲೂಕಿನ ಕೊಂಡಜ್ಜಿಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯ ಶಿಬಿರವಿರುವುದು. ಅಲ್ಲಿಯ ಕೆರೆಯೂ ಗುಡ್ಡವೂ ರಮ್ಯವಾದುವು, ಆದರೆ ಗುಡ್ಡವು ಮೊಣಕಾಲಿನವರಿಗೆ ಹೇಳಿಸಿದ್ದಲ್ಲ.

ಹರಿಹರಕ್ಕೆ ರೈಲಿನಲ್ಲಿ ಹೋಗುವುದು ಉತ್ತಮ. ಹದಿನಾಲ್ಕು ಕಿಲೋಮೀಟರಿನ ದಾರಿಯಾದುದರಿಂದ ಬಸ್ಸೂ ಬೇಗನೆ ಮುಟ್ಟಿಸುವುದು. ಆದರೆ ಚಿಕ್ಕ ಮಕ್ಕಳಿಗೆ ರೈಲೇ ಅರ್ಧ ವಿಹಾರ. ಹರಿಹರೇಶ್ವರನ ದೇವಾಲಯವನ್ನು ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ೧೨೨೪ರಲ್ಲಿ ಕಟ್ಟಿಸಿದನು. ಗುಹಾಸುರನು ಹರಿಯಿಂದಲೂ ಹರನಿಂದಲೂ ತನಗೆ ಮರಣವಿಲ್ಲದಂತೆ ವರ ಪಡೆದಿದ್ದನಂತೆ; ಅವನನ್ನು ಕೊಲ್ಲುವುದಕ್ಕಾಗಿ ಇಬ್ಬರೂ ಒಂದೇ ಮೈಯಾಗಿ ಬಂದರೆಂಬುದು ಸ್ಥಳಪುರಾಣ. ವಿಗ್ರಹದ ಬಲಭಾಗವು ಹರ, ಎಡಭಾಗವು ಹರಿ. ಅತ್ತೆಯವರು ಈ ಕಥೆಯನ್ನು ಹೇಳಿ ಮುಗಿಸಿದಾಗ ಮಗಳು, “ಹಂಗಾದ್ರೆ ಅಜ್ಜಿ, ನೈವೇದ್ಯ ಯಾರು ಉಣ್ತಾರೆ?” ಎಂದು ಕೇಳಿದಳು. ತಿಂಡಿಯ ಚಿಂತೆಯಲ್ಲಿ ಬೆಳೆಯುತ್ತಿರುವ ಮಗುವಿನಿಂದ ಬೇರೆ ಪ್ರಶ್ನೆಯನ್ನು ನಿರೀಕ್ಷಿಸಲಾದೀತೇ?

ನಮ್ಮ ಪರೀಕ್ಷೆಗೆ ಆ ದೇವಾಲಯದ ಮಂಟಪವು ಎಲ್ಲ ವಿಧದಲ್ಲಿಯೂ ತೇರ್ಗಡೆಯಾಯಿತು. ಮೂರು ಕಡೆಗಳಲ್ಲಿ ತೆರೆದು ಗಾಳಿಯಾಡುವ ಮಂಟಪ, ಕುಳಿತುಕೊಳ್ಳಲು ಸುತ್ತಲೂ ಕಲ್ಲಿನ ಜಗಲಿ, ತಂಪಾದ ನೆಲ. ಕಂಬಗಳನ್ನು ಬಳೆಯಂತೆ ದುಂಡಗೆ ಕಡೆದಿರುವುದನ್ನು ಮುಟ್ಟಿ ನೋಡಿ ಮಗಳು ಇದನ್ನು ಹೇಗೆ ಮಾಡಿದರೆಂದು ಕೇಳಿದಳು. ಕಲ್ಲನ್ನು ತಿರುಗಿಸುತ್ತ ಉಳಿಯನ್ನು ಹಿಡಿದು ಕಡೆಯುವುದೆಂದರೆ ಲೇತು ಯಂತ್ರದ ತತ್ತ್ವವೇ. ಇದೇ ಹರಿಹರದಲ್ಲಿ ೧೯೪೧ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ದೇಶಕ್ಕೆಲ್ಲ ಲೇತುಗಳನ್ನು ತಯಾರಿಸಿ ಕೊಡುತ್ತಿತ್ತು. ಕಾರ್ಖಾನೆಯು ಮುಚ್ಚಿಹೋಯಿತು, ಅದರ ಹೆಸರು ಹೇಳಿದೊಡನೆ ನಿಟ್ಟುಸಿರುಬಿಡುವ ಹಿರಿಯರು ಊರಿನಲ್ಲಿ ಇನ್ನೂ ಇರುವರು. ಏಳುನೂರು ವರ್ಷಗಳ ಅಂತರದಲ್ಲಿ ಒಂದೇ ಊರಿಗೆ ಕಡೆಯುವ ವಿದ್ಯೆಯು ಎರಡು ಸಾರಿ ಬಂದಿತೆಂಬುದು ಯಜಮಾನರಿಗೆ ಬಹಳ ಹಿಡಿಸಿತು; ನಮ್ಮ ಗ್ರೈಂಡರಿನ ಕಲ್ಲನ್ನೂ ಅದೇ ವಂಶಕ್ಕೆ ಸೇರಿಸಿಬಿಟ್ಟರು.

ತುಂಗಭದ್ರೆಯ ದಡದಲ್ಲಿ ತಿಂಡಿಯ ಡಬ್ಬಿಯನ್ನು ತೆರೆದೆವು. ೧೯೫೬ರ ನವೆಂಬರ್ ೧ರಂದು ಕನ್ನಡ ನಾಡು ಒಂದಾಗುವವರೆಗೆ ಈ ದಡವು ಮೈಸೂರಿನದಾಗಿಯೂ ಆ ದಡವು ಮುಂಬಯಿ ಸರಕಾರಕ್ಕೆ ಸೇರಿದುದಾಗಿಯೂ ಇದ್ದುವು. ನಮ್ಮ ಡಬ್ಬಿಯಲ್ಲಿದ್ದ ಮಂಡಕ್ಕಿಯು ಆಚೆಯ ದಡದಲ್ಲಿ ಚುರುಮುರಿಯಾಗುವುದೆಂದು ತಿಳಿದು ಮಗನು ಅದನ್ನು ನದಿಯ ಕಡೆಗೆ ತೋರಿಸುತ್ತ ಎರಡು ಹೆಸರುಗಳನ್ನೂ ಕೂಗಿದನು. ಮಳೆಗಾಲದಲ್ಲಿ ಸೋಪಾನಗಳು ಪಾಚಿ ಹಿಡಿದು ಜಾರುವುವು, ಸೆಳವೂ ಹೆಚ್ಚು; ಮಕ್ಕಳನ್ನು ನೀರಿಗೆ ಇಳಿಸತಕ್ಕದ್ದಲ್ಲ.

ಸೆಪ್ಟೆಂಬರಿನ ಕೊನೆಯಲ್ಲಿ ಮತ್ತೆ ರಕ್ತಪರೀಕ್ಷೆಯಾಯಿತು. ಸಂಖ್ಯೆಯು ೧೧.೮ಕ್ಕೆ ಏರಿತ್ತು. ವೈದ್ಯರು ಇದರ ಶ್ರೇಯಸ್ಸನ್ನು ಮಾತ್ರೆಗಳಿಗೆ ಕೊಟ್ಟರು, ಅದು ನ್ಯಾಯವೇ. ಒಂದು ಬಟ್ಟಲು ಮಂಡಕ್ಕಿಯಿಂದ ಮೂರು ತಿಂಗಳಲ್ಲಿ ರಕ್ತವು ತುಂಬುವುದಿಲ್ಲ. ಹಾಗೆಂದು ನಂಬಿ ಯಾರೂ ಔಷಧವನ್ನು ಬಿಡಬಾರದು. ಬರಿದಾದ ಕಣಜವು ತುಂಬಲು ಇನ್ನೂ ಮೂರು ತಿಂಗಳು ಮಾತ್ರೆಯನ್ನು ಮುಂದುವರಿಸಬೇಕೆಂದು ಅವರು ಆಜ್ಞೆಮಾಡಿದರು. ಸರಕಾರದ ಯೋಜನೆಯಂತೆ ಹತ್ತು ವರ್ಷ ತುಂಬಿದ ಮಕ್ಕಳಿಗೆ ಶಾಲೆಗಳಲ್ಲಿ ವಾರಕ್ಕೊಂದರಂತೆ ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆಯನ್ನು ಮಕ್ಕಳು ಜೇಬಿನಲ್ಲಿಟ್ಟುಕೊಂಡು ಎಸೆಯುವುದುಂಟೆಂದೂ, ತಾಯಂದಿರು ವಿಚಾರಿಸಬೇಕೆಂದೂ ಹೇಳಿದರು. ಮಾತ್ರೆಗಳು ಮುಗಿದ ಮೇಲೆ ಏರಿದ ಸಂಖ್ಯೆಯು ಇಳಿಯದಂತೆ ಕಾಯತಕ್ಕದ್ದು ಯಾವುದು ಎಂದು ನಾನು ಕೇಳಿದುದಕ್ಕೆ, “ಈಗ ಸಂಜೆಗೆ ಏನು ಕೊಡುತ್ತಿದ್ದೀರಿ?” ಎಂದು ತಮ್ಮ ಮೊದಲಿನ ಪ್ರಶ್ನೆಯನ್ನೇ ಕೇಳಿದರು. ಉತ್ತರವನ್ನು ಮಗಳೇ ಹೇಳಿದಳು, ನಿಂಬೆಹಣ್ಣನ್ನೂ ಬಿಡದೆ.

ದಸರಾ ರಜೆಯಲ್ಲಿ ಕೊಂಚ ದೂರದ ಪ್ರಯಾಣವನ್ನು ಕೈಕೊಂಡೆವು. ಹರಿಹರದಲ್ಲಿ ತುಂಗಭದ್ರೆಯನ್ನು ಕೂಡುವ ಹರಿದ್ರಾ ಹಳ್ಳವು ಎಲ್ಲಿಂದ ಬರುವುದೆಂದು ಮಗಳು ಕೇಳಿದ್ದಳು. ಅದು ಬರುವುದು ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರದಿಂದ, ಅಂದರೆ ಜನರ ಬಾಯಲ್ಲಿ ಸೂಳೆಕೆರೆಯಿಂದ. ದಾರಿಯಲ್ಲಿ ಸಂತೇಬೆನ್ನೂರಿನ ಪುಷ್ಕರಣಿಯನ್ನು ನೋಡಿದೆವು. ಪಾಳೆಯಗಾರ ಹನುಮಪ್ಪನಾಯಕನು ಕಟ್ಟಿಸಿದ ಈ ಹೊಂಡದ ನಡುವೆ ನೀರಿನಲ್ಲಿ ನಿಂತಿರುವ ವಸಂತಮಂಟಪವೂ, ದಡದ ಮೇಲೆ ಬಿಜಾಪುರದ ರಣದುಲ್ಲಾಖಾನನು ಕಟ್ಟಿಸಿದ ಮುಸಾಫಿರಖಾನೆಯೂ ಎದುರುಬದುರಾಗಿವೆ. ಮೆಟ್ಟಿಲುಗಳು ಕಡಿದಾದುವು, ಅತ್ತೆಯವರು ಮೇಲೆಯೇ ನೆರಳಿನಲ್ಲಿ ಕುಳಿತರು. ಮಗಳು ಇಳಿದು, ನೀರಿನ ಅಂಚನ್ನು ಮುಟ್ಟಿ, ನಡುವೆ ಎಲ್ಲಿಯೂ ನಿಲ್ಲದೆ ಹತ್ತಿ ಬಂದಳು. ಅವಳು ಹತ್ತುತ್ತಿದ್ದಷ್ಟು ಹೊತ್ತು ನಾವು ಮೂವರೂ ಮಾತಾಡಲಿಲ್ಲ. ಮೇಲೆ ಬಂದವಳೇ ಕೇಳಿದ್ದು ಡಬ್ಬಿ ಯಾವ ಚೀಲದಲ್ಲಿದೆಯೆಂದು.

ಎರಡು ಗುಡ್ಡಗಳ ನಡುವಿನ ಸೂಳೆಕೆರೆಯ ಏರಿಯ ಮೇಲೆ ಗಾಳಿಯು ಬಲವಾಗಿರುವುದು. ಕಾಗದದ ತಟ್ಟೆಗಳು ನಿಲ್ಲಲಾರವು, ಸ್ಟೀಲಿನ ಬಟ್ಟಲುಗಳೇ ಬೇಕು. ಮಂಡಕ್ಕಿಯನ್ನು ಮನೆಯಲ್ಲಿಯೇ ಕಲಸಿ ತಂದರೆ ಅರ್ಧ ಗಂಟೆಯಲ್ಲಿ ಮೆತ್ತಗಾಗುವುದು. ಒಗ್ಗರಣೆ ಹಾಕಿದ ಒಣ ಮಂಡಕ್ಕಿಯನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿಯೂ, ಪುಟಾಣಿ ಹಿಟ್ಟನ್ನೂ ಶೇಂಗಾವನ್ನೂ ಬೇರೆ ಬೇರೆಯಾಗಿಯೂ, ಈರುಳ್ಳಿ ನಿಂಬೆಗಳನ್ನು ಹೆಚ್ಚದೆಯೂ ತೆಗೆದುಕೊಂಡು ಹೋಗತಕ್ಕದ್ದು. ಚಾಕುವನ್ನು ಮರೆಯಬಾರದು.